ಮೌಸ್ ಹಿಡಿಯುವ ಮುಂಚೆ

ಮಗಾ, ಕೆ.ಆರ್. ಪೇಟೆಯಲ್ಲಿ ಅಂಗಡಿ ಹಾಕಿದ್ದೀಯ. ಕಂಪ್ಯೂಟರ್ ಹೊಸದು, ಪ್ರಿಂಟರ್ ಹೊಸದು, ಬೋರ್ಡೂ ಹೊಸದು. ಆದರೆ ಒಳಗೆ ಬರುವ ಕೆಲಸ ಹೊಸದಾಗಿರಲ್ಲ ಕಣವ್ವ. ಮೂರು ಸಲ ಜೆರಾಕ್ಸ್ ಆದ ಸಂಘದ ಲೆಟರ್‌ಹೆಡ್ ಬರುತ್ತೆ. ಹತ್ತಾರು ಮೊಬೈಲ್ ದಾಟಿದ ಫೋಟೊ ಬರುತ್ತೆ. ನಾಲ್ಕು ಮೂಲೆಗೂ ಅರಿಶಿನ ಮೆತ್ತಿದ ಹಳೇ ಲಗ್ನಪತ್ರಿಕೆ ಹಿಡಿದುಕೊಂಡು "ದೊಡ್ಡೋನ್ದು ಹಿಂಗೇ ಆಗಿತ್ತು, ಚಿಕ್ಕೋನ್ಗೂ ಇದೇ ಅಕ್ಸರದಲ್ಲಿ ಮಾಡ್ಕೊಡವ್ವ" ಅಂತ ಬರ್ತಾರೆ. ಕೋರ್ಸಿನಲ್ಲಿ ನಿನಗೆ ಖಾಲಿ ಪುಟದ ಮೇಲೆ ಚೆಂದ ಮಾಡುವುದನ್ನು ಕಲಿಸಿದ್ದಾರೆ. ಕೊಳೆಯಾದದ್ದನ್ನು ಅಚ್ಚಿಗೆ ಏರುವ ಹಾಗೆ ಮಾಡುವುದು, ನಮ್ಮ ಕಡೆ ಡಿಟಿಪಿ ಅಂದರೆ ಅದು. ಪಾಂಡವಪುರದಲ್ಲಿ ಟ್ರೆಡಲ್ ಮೆಷೀನಿನ ಪಕ್ಕ ನಿಂತು ಮೊಳೆ ಜೋಡಿಸುತ್ತಿದ್ದ ಕಾಲದಿಂದ ಇದನ್ನೇ ಮಾಡಿಕೊಂಡು ಬಂದವನು ನಿನ್ನ ದೊಡ್ಡಪ್ಪ. ಅದಕ್ಕೇ ನಾಲ್ಕು ಮಾತು.

ಮೌಸ್ ಹಿಡಿಯುವ ಮುಂಚೆ ಬಾಯಿ ಬಿಟ್ಟು ಕೇಳು. ಇದೇ ಮುಖ್ಯ, ಮಿಕ್ಕಿದ್ದೆಲ್ಲ ಇದರ ಹಿಂದೆ. ಗಿರಾಕಿ ಕೊಟ್ಟ ಫೋಟೊ ಕೆಟ್ಟದಾಗಿದ್ದರೆ, ಅದಕ್ಕಿಂತ ಒಳ್ಳೆಯದು ಇನ್ಯಾರದೋ ಮೊಬೈಲಿನಲ್ಲೋ ಬೀರುವಿನಲ್ಲೋ ಇದೆ ಅಂತಲೇ ತಿಳಿದುಕೋ. "ಇದನ್ನ ತೆಗೆದೋರು ಯಾರು? ಅವರ ಫೋನಿಂದಲೇ ಕಳಿಸೋಕೆ ಹೇಳಿ" ಅನ್ನು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ಸುಮ್ಮನೆ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡಿಬಿಡುತ್ತೆ. ಅದನ್ನೇ ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತೆ. ಈ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸು. ಫೋಟೊಶಾಪ್‌ನಲ್ಲಿ ಅರ್ಧ ದಿನ ತಿಣುಕಿದರೂ ಆಗದ್ದು ಒಂದು ಫೋನಿನಲ್ಲಿ ಆಗಿಹೋಗುತ್ತೆ.

ಲೆಕ್ಕ ಗೊತ್ತಿರಲಿ. ಆಫ್‌ಸೆಟ್‌ನಲ್ಲಿ ಫೋಟೊ ಚೆನ್ನಾಗಿ ಬರಬೇಕಾದರೆ, ಅಚ್ಚಾಗುವ ಅಳತೆಯಲ್ಲಿ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕು ಅನ್ನುವುದು ರೂಢಿ. ಪ್ಲೇಟಿನ ಸ್ಕ್ರೀನು ಅಂಗುಲಕ್ಕೆ 150 ಗೆರೆಯದಾದರೆ ಅದರ ಎರಡರಷ್ಟು ಅಂತ ಆ ಸಂಖ್ಯೆ ಬಂದದ್ದು. 1600 ಪಿಕ್ಸೆಲ್ ಅಗಲದ ಫೋಟೊ ಐದು ಅಂಗುಲಕ್ಕೆ ಸಾಕು. ಆದರೆ ಅದು ಇಪ್ಪತ್ತು ಜನ ನಿಂತ ಗ್ರೂಪ್ ಫೋಟೊ ಆಗಿ, ಹಿಂದಿನ ಸಾಲಿನ ತಾತನ ಮುಖ ಬರೀ 90 ಪಿಕ್ಸೆಲ್ ಇದ್ದರೆ, ಆ ಮುಖ ಮುಕ್ಕಾಲು ಸೆಂಟಿಮೀಟರಿಗೆ ಸಾಲುತ್ತೆ, ಅಷ್ಟೇ. ಬಾಕ್ಸಿನಲ್ಲಿ 72 ಅಳಿಸಿ 300 ಅಂತ ಬರೆದ ಮಾತ್ರಕ್ಕೆ ಇಲ್ಲದ ವಿವರ ಹುಟ್ಟಿ ಬರಲ್ಲ. ಬ್ಯಾನರ್ ವಿಷಯ ಬೇರೆ, ದೂರದಿಂದ ನೋಡುವಂಥದ್ದು, ಅಂಗುಲಕ್ಕೆ 72ರಿಂದ 100 ಇದ್ದರೂ ನಡೆಯುತ್ತೆ. (ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2016ರ ಮಾರ್ಚಿನಲ್ಲಿ. ನಮ್ಮ ಯಾವ ಊರಿನ ಸರ್ಕಲ್ಲಿನಲ್ಲಿ ತಲೆ ಎತ್ತಿದರೂ ಅದು ನಂಬಿಕೆಯಾಗಲ್ಲ. ನೀನು ಬಟ್ಟೆ ಬ್ಯಾನರ್ ಕಲಿತುಕೊಂಡಿರು.)

ತಿಥಿ ಕಾರ್ಡಿನ ಕೆಲಸಕ್ಕೆ ಮಾತ್ರ ಸಮಯ ಇರಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಐದನೇ ದಿನ ಬರ್ತಾರೆ, ಕೈಯಲ್ಲಿ ಆಧಾರ್ ಕಾರ್ಡು. ಆ ಅಂಚೆಚೀಟಿ ಅಳತೆಯ ಮುಖದಿಂದ ಏನೂ ಆಗಲ್ಲ. ಮದುವೆ ಆಲ್ಬಂ ಇದೆಯಾ, ಗೋಡೆ ಮೇಲೆ ಕಟ್ಟು ಹಾಕಿಸಿದ ಫೋಟೊ ಇದೆಯಾ, ಮೊಮ್ಮಗಳ ನಾಮಕರಣದ ವಿಡಿಯೋ ಇದೆಯಾ ಕೇಳು. ದುಃಖದಲ್ಲಿರುವವರನ್ನು ಹೆಚ್ಚು ಓಡಾಡಿಸಬಾರದು, ಆದರೆ ಮನೆಯಲ್ಲಿ ಒಬ್ಬ ಹುಡುಗ ಇದ್ದೇ ಇರ್ತಾನೆ, ಅವನನ್ನು ಹಿಡಿ. ಕಟ್ಟಿನ ಗಾಜು ಬಿಚ್ಚಿಸಿ, ಫೋಟೊವನ್ನು ಹಜಾರದ ನೆರಳಿನಲ್ಲಿ ಇಟ್ಟು, ನೇರ ಮೇಲಿಂದ ತೆಗೆಯುವುದಕ್ಕೆ ಹೇಳು. ಬಿಸಿಲಿನಲ್ಲಿ ಬೇಡ, ಫ್ಲಾಷ್ ಬೇಡ.

ಈಗ ಒಂದು ಹೊಸ ರೋಗ ಬಂದಿದೆ. ಮಸುಕಾದ ಮುಖವನ್ನು ಎಐ ಆ್ಯಪಿಗೆ ಕೊಟ್ಟರೆ ಕನ್ನಡಿಯ ಹಾಗೆ ಹೊಳೆಯುವ ಮುಖ ವಾಪಸ್ ಬರುತ್ತೆ. ಅದು ಆ ಮನುಷ್ಯನ ಮುಖ ಅಲ್ಲ. ರೆಪ್ಪೆ, ಹಲ್ಲು, ಚರ್ಮ ಎಲ್ಲ ಆ್ಯಪು ಊಹೆ ಮಾಡಿ ಬರೆದದ್ದು. ಕೆಲಸಕ್ಕೆ ಬಾರದ ಫೋಟೊಗಿಂತ ಅಪಾಯ ಇದು, ಯಾಕೆಂದರೆ ನೋಡುವುದಕ್ಕೆ ಚೆನ್ನಾಗಿರುತ್ತೆ. ಹೊಲದಲ್ಲಿ ಬಾಳಿದ ಮುಖದ ಗೆರೆಗಳನ್ನು ಅಳಿಸಿ, ಕಪ್ಪು ಮೈಯನ್ನು ಬೆಳ್ಳಗೆ ಮಾಡಿ ಅಚ್ಚು ಹಾಕಿದರೆ ಮಕ್ಕಳು ಎದುರಿಗೆ ಏನೂ ಅನ್ನಲ್ಲ, ಮನೆಗೆ ಹೋಗಿ ಅಂದುಕೊಳ್ತಾರೆ. ಫೋಟೊ ಚಿಕ್ಕದಾಗಿಯೇ ಹಾಕು. ಕಪ್ಪು-ಬಿಳುಪು ಮಾಡು, ಹಿನ್ನೆಲೆ ತೆಗೆ, ಲೆವೆಲ್ಸ್‌ನಲ್ಲಿ ಕಪ್ಪು ಕಪ್ಪಾಗಿ ಬಿಳಿ ಬಿಳಿಯಾಗಿ ಕೂರುವ ಹಾಗೆ ಎರಡು ತುದಿ ಎಳೆ. ಅಲ್ಲಿಗೆ ನಿಲ್ಲಿಸು.

ಇನ್ನು ಅಕ್ಷರದ ಮಾತು. ನನ್ನ ಪ್ರಾಣ ಇರುವುದು ಇಲ್ಲಿ, ಸ್ವಲ್ಪ ಉದ್ದ ಆಗುತ್ತೆ ತಡೆದುಕೋ.

"ಇದೇ ಅಕ್ಷರ ಬೇಕು" ಅಂದಾಗ, ಅದು ಫಾಂಟೋ ಯಾರೋ ಕೈಯಲ್ಲಿ ಬರೆದದ್ದೋ ಅಂತ ಮೊದಲು ತೀರ್ಮಾನ ಮಾಡು. ಒಂದೇ ಅಕ್ಷರ ಎರಡು ಕಡೆ ಬಂದಿರುವುದನ್ನು ಹುಡುಕಬೇಕು. ನಾಗಮಂಗಲ ಅಂತ ಇದೆ ಅನ್ನು, ಅದರಲ್ಲಿ ಎರಡು 'ಗ' ಇವೆ. ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಇಟ್ಟು ನೋಡು. ಅಂಚಿಗೆ ಅಂಚು ಕೂತರೆ ಫಾಂಟು. ಒಂದು ತುಸು ಬಾಗಿ, ಇನ್ನೊಂದರ ಬಾಲ ಉದ್ದವಾಗಿದ್ದರೆ ಅದು ಕುಂಚದ ಕೆಲಸ. ಅದಕ್ಕೆ ಫಾಂಟ್ ಹುಡುಕುತ್ತ ರಾತ್ರಿ ಕಳೆಯಬೇಡ, ಸಿಗಲ್ಲ.

ಫಾಂಟೇ ಆಗಿದ್ದರೆ ಸುಲಭದ ದಾರಿ ಮೊದಲು ನೋಡು. ಗಿರಾಕಿ ಹತ್ತಿರ ಹಳೇ ಕಾರ್ಡಿನ ಪಿಡಿಎಫ್ ಇದೆಯಾ? ಅದರ ಪ್ರಾಪರ್ಟೀಸ್‌ಗೆ ಹೋಗಿ ಫಾಂಟ್ಸ್ ಅನ್ನುವ ಕಡೆ ನೋಡು, ಅಕ್ಷರವನ್ನು ಕರ್ವ್ ಮಾಡಿರದಿದ್ದರೆ ಹೆಸರು ಅಲ್ಲೇ ಬರೆದಿರುತ್ತೆ. ಕೋರಲ್ ಫೈಲ್ ಇದ್ದರೆ ತೆರೆಯುವಾಗಲೇ ಇಂಥ ಫಾಂಟ್ ಇಲ್ಲ ಅಂತ ಅದೇ ಹೇಳುತ್ತೆ. ಎರಡೂ ಇಲ್ಲದಿದ್ದರೆ ಕಾರ್ಡಿನ ಕೆಳಗೆ ಪ್ರೆಸ್ಸಿನ ಹೆಸರು ಹುಡುಕಿ ಫೋನ್ ಮಾಡು. ಶ್ರೀರಂಗಪಟ್ಟಣದವರಿರಲಿ ಮೈಸೂರಿನವರಿರಲಿ, ಹೊಸಬಳು ಕೇಳ್ತಿದ್ದೀನಿ ಅಣ್ಣ ಅಂದರೆ ಹೇಳದೆ ಇರುವವರು ಕಡಿಮೆ.

ಇಂಗ್ಲಿಷ್ ಅಕ್ಷರಕ್ಕೆ ವಾಟ್‌ದಿಫಾಂಟ್ ಥರದ ಸೌಕರ್ಯಗಳಿವೆ, ಫೋಟೊ ಕೊಟ್ಟರೆ ಹೆಸರು ಹೇಳುತ್ತವೆ. ಕೊಡುವ ಮುಂಚೆ ಚಿತ್ರ ನೆಟ್ಟಗೆ ಮಾಡಿ, ಕಪ್ಪು-ಬಿಳುಪು ಮಾಡಿ, ಒಂದಕ್ಕೊಂದು ಅಂಟಿದ ಅಕ್ಷರಗಳನ್ನು ಬಿಡಿಸಿ ಕೊಡು. ನಮ್ಮ ಕಡೆ ಕಾರ್ಡುಗಳಲ್ಲಿ ಇಂಗ್ಲಿಷಿಗೆ ಮೊನೋಟೈಪ್ ಕೊರ್ಸಿವಾ, ಎಡ್ವರ್ಡಿಯನ್ ಸ್ಕ್ರಿಪ್ಟ್, ಬೋರ್ಡಿಗೆ ಅಲ್ಜೀರಿಯನ್, ಇಷ್ಟು ಗುರುತು ಹಿಡಿದರೆ ಮುಕ್ಕಾಲು ಪಾಲು ಮುಗಿಯಿತು. ಕನ್ನಡದ ಕಥೆ ಹಾಗಲ್ಲ. ಆ ಯಂತ್ರಗಳನ್ನು ಪಳಗಿಸಿರುವುದು ಇಂಗ್ಲಿಷ್ ಲಿಪಿಗೆ, ಕನ್ನಡಕ್ಕೆ ನಿನ್ನ ಕಣ್ಣೇ ಗತಿ.

ಕಣ್ಣಿಗೆ ಏನು ಕಲಿಸಬೇಕು? ಮೊದಲು 'ಶ್ರೀ' ನೋಡು. ಯಾವ ಪತ್ರಿಕೆಯಲ್ಲೂ ಅದು ತಪ್ಪಲ್ಲ, ಫಾಂಟ್ ಮಾಡಿದವರೂ ತಮ್ಮ ಕೈಚಳಕವನ್ನೆಲ್ಲ ಅದರ ಮೇಲೇ ಸುರಿದಿರ್ತಾರೆ. ಆಮೇಲೆ ತಲೆಕಟ್ಟು. ತುದಿ ಚೂಪಾಗಿದೆಯೋ, ಮೊಂಡಾಗಿದೆಯೋ, ಮೇಲಕ್ಕೆ ಚಿಮ್ಮಿದೆಯೋ. ಗೆರೆ ಎಲ್ಲ ಕಡೆ ಒಂದೇ ದಪ್ಪವೋ, ತಿರುವಿನಲ್ಲಿ ದಪ್ಪವಾಗಿ ಕೊನೆಯಲ್ಲಿ ತೆಳುವೋ. ಕೃಷ್ಣರಾಜಪೇಟೆ ಅಂತ ಇದ್ದರೆ ನಿನ್ನ ಪುಣ್ಯ. 'ಕೃ'ನ ಸುಳಿ, 'ಷ್ಣ'ದ ಒತ್ತು, 'ಟೆ'ಯ ಎತ್ವ, ಗುರುತಿಗೆ ಬೇಕಾದದ್ದೆಲ್ಲ ಒಂದೇ ಹೆಸರಿನಲ್ಲಿ ಕೂತಿದೆ. 'ಸೂರ್ಯ'ದ ಅರ್ಕಾವತ್ತನ್ನೂ ಅಂಕಿಗಳನ್ನೂ ಮರೆಯಬೇಡ. ಅಕ್ಷರಗಳಲ್ಲಿ ಅಣ್ಣತಮ್ಮಂದಿರಂತೆ ಕಾಣುವ ಎರಡು ಫಾಂಟು ಅಂಕಿಯಲ್ಲಿ ಬೇರೆಯಾಗಿಬಿಡುತ್ತವೆ.

ಹಳೇ ಕಾರ್ಡಿನ ಅಕ್ಷರ ಹೆಚ್ಚುಕಮ್ಮಿ ನಾಲ್ಕು ಮನೆಯಲ್ಲಿ ಒಂದರದ್ದಾಗಿರುತ್ತೆ: ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, 1998ರಲ್ಲಿ ಶೇಷಾದ್ರಿವಾಸು ಅವರು ತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ. ತಾಲ್ಲೂಕು ಕಚೇರಿ ಪತ್ರ ಆದರೆ ಕಣ್ಣು ಮುಚ್ಚಿ 'ನುಡಿ 01 ಇ' ಹಾಕಿ ನೋಡು. ಆಲಂಕಾರಿಕ ಅಕ್ಷರಗಳ ಭಂಡಾರ ಇದ್ದದ್ದು ಮೊದಲಿನ ಎರಡರಲ್ಲಿ. ಶ್ರೀಲಿಪಿಯವರು ಫಾಂಟಿಗೆ ಅಂಕಿ ಕೊಡುವವರು, ಅದಕ್ಕೇ ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟ. ಉಪಾಯ ಒಂದೇ. ನಿನ್ನ ಹತ್ತಿರ ಇರುವ ಪ್ರತಿ ಕನ್ನಡ ಫಾಂಟಿನಲ್ಲೂ ಶ್ರೀ, ಕೃಷ್ಣ, ಲಕ್ಷ್ಮೀ, ಜ್ಞಾನ, ಸೂರ್ಯ, ವಧು, ಒಂದರಿಂದ ಸೊನ್ನೆವರೆಗೆ ಅಂಕಿ, ಇಷ್ಟನ್ನು ಒಂದೊಂದು ಸಾಲು ಪ್ರಿಂಟ್ ತೆಗೆದು ಪುಸ್ತಕ ಮಾಡು. ಮೊಳೆ ಕಾಲದಲ್ಲೂ ಪ್ರೆಸ್ಸಿನಲ್ಲಿ ಇಂಥ ಮಾದರಿ ಪುಸ್ತಕ ಇರುತ್ತಿತ್ತು. ಗಿರಾಕಿಯ ಕಾರ್ಡನ್ನು ಅದರ ಪಕ್ಕ ಇಟ್ಟು ಪುಟ ತಿರುವು, ಸ್ವಲ್ಪ ದಿನದಲ್ಲೇ ಪುಸ್ತಕ ತೆರೆಯದೆ ಹೇಳ್ತೀಯ.

ಗುರುತು ಸಿಕ್ಕಿದ ಮೇಲೆ ಇನ್ನೊಂದು ತೊಡಕಿದೆ. ಆ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ. ಒಬ್ಬರ ಅಕ್ಷರಸಂಕೇತ ಇನ್ನೊಬ್ಬರಿಗೆ ಆಗಲ್ಲ, ನುಡಿಯಲ್ಲಿ ಹೊಡೆದ ಮ್ಯಾಟರ್‌ಗೆ ಶ್ರೀಲಿಪಿ ಫಾಂಟ್ ಹಾಕಿದರೆ ಬರುವುದು ಕನ್ನಡವೇ ಅಲ್ಲ. ಗಿರಾಕಿ ಈಗ ಮ್ಯಾಟರ್ ಕಳಿಸುವುದು ಮೊಬೈಲಿನಿಂದ, ಅದು ಯೂನಿಕೋಡ್. ಪರಿವರ್ತಕಗಳಿವೆ, ಉಪಯೋಗಿಸು. ಆದರೆ ಮಾಡಿದ ಮೇಲೆ ಅರ್ಕಾವತ್ತು ಎಲ್ಲಿ ಕೂತಿದೆ, ಒತ್ತಿನ ಕೆಳಗಿನ ಒತ್ತು ಉಳಿದಿದೆಯಾ, 'ರ‍್ಯಾಂಕ್' ಥರದ ಪದ ಒಡೆದಿದೆಯಾ ಅಂತ ಒಂದೊಂದೇ ಪದ ನೋಡು. ಕಾಸು ಕೊಡದ ಕಳ್ಳ ಫಾಂಟಿನ ಸಿ.ಡಿ. ಯಾರಾದರೂ ತಂದುಕೊಟ್ಟರೆ ಬೇಡ ಅನ್ನು. ಈಗ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಪುಕ್ಕಟೆಯಾಗಿ, ವ್ಯಾಪಾರಕ್ಕೂ ಬಳಸುವಂತೆ ಒಳ್ಳೆಯವು ಸಿಗುತ್ತವೆ. ಏಕ್ ಟೈಪ್‌ನವರ ಬಲೂ ತಮ್ಮ ದುಂಡಗೆ ದಪ್ಪಗೆ ಇದೆ, ಮಕ್ಕಳ ಹುಟ್ಟುಹಬ್ಬಕ್ಕೆ, ಅಂಗಡಿ ಪೂಜೆಗೆ ಚೆನ್ನ. ವೈಷ್ಣವಿ ಮೂರ್ತಿಯವರು ಹುವಾನ್ ಲೂಯಿಸ್ ಬ್ಲಾಂಕೊ ಜೊತೆ ಮಾಡಿದ ಅಕಾಯ ಕನಡಕದಲ್ಲಿ ಕೈಬರಹದ ಗತ್ತಿದೆ. ಮ್ಯಾಟರ್‌ನ ಸಣ್ಣ ಸಾಲುಗಳಿಗೆ ನೋಟೊ ಇದ್ದೇ ಇದೆ. ಇಡೀ ಕಾರ್ಡನ್ನು ಆಲಂಕಾರಿಕ ಅಕ್ಷರದಲ್ಲಿ ತುಂಬಬೇಡ. ವಧೂವರರ ಹೆಸರು ಮತ್ತು 'ಶ್ರೀ', ಅಷ್ಟಕ್ಕೆ ಒಡವೆ ಸಾಕು.

ಫಾಂಟ್ ಸಿಕ್ಕಿದರೆ ಮತ್ತೆ ಟೈಪ್ ಮಾಡು, ಟ್ರೇಸ್ ಮಾಡಬೇಡ. ಇದನ್ನು ಒತ್ತಿ ಹೇಳ್ತೀನಿ. ಕೋರಲ್‌ನಲ್ಲಿ ಪವರ್‌ಟ್ರೇಸ್ ಒತ್ತಿದರೆ ಒಂದು ಕ್ಷಣದಲ್ಲಿ ಆಗುತ್ತೆ ನಿಜ, ಆದರೆ ಮಸುಕು ಚಿತ್ರದಿಂದ ಎತ್ತಿದ ಕನ್ನಡ ಅಕ್ಷರ ನೆನೆದ ಅವರೆಕಾಳಿನ ಹಾಗೆ ಊದಿಕೊಂಡಿರುತ್ತೆ. ತಲೆಕಟ್ಟಿನ ಮೂಲೆ ಸವೆದು, ಒತ್ತಿನ ಹೊಟ್ಟೆ ಮುಚ್ಚಿಹೋಗಿ, ಅನುಸ್ವಾರದ ಸೊನ್ನೆ ಬೊಟ್ಟಾಗಿರುತ್ತೆ. ಪಾಂಡವಪುರದ ಪ, ವ ಎರಡೂ ಒಂದೇ ಥರ ಕಾಣುತ್ತವೆ. ಇದಕ್ಕಿಂತ ಮೋಸ ಮಾಡುವುದು ಧೂಳು ತೆಗೆಯುವ ಫಿಲ್ಟರ್. ಮಹಾಪ್ರಾಣದ ಕೆಳಗಿನ ಸೀಳು ಅದರ ಕಣ್ಣಿಗೆ ಕಸ. ಡೆಸ್ಪೆಕಲ್ ಒತ್ತಿದ ಮೇಲೆ 'ವಧು' ಹೋಗಿ 'ವದು' ಆಗಿರುತ್ತೆ, 'ಧನಲಕ್ಷ್ಮಿ' ದನಲಕ್ಷ್ಮಿ ಆಗಿರುತ್ತಾಳೆ. ಸಾವಿರ ಕಾರ್ಡು ಹಂಚಿದ ಮೇಲೆ ಅದನ್ನು ಯಾವ ಸೋದರಮಾವನೂ ಸುಮ್ಮನೆ ಬಿಡಲ್ಲ.

ಕುಂಚದ ಅಕ್ಷರವೋ ಸಂಘದ ಹಳೇ ಲಾಂಛನವೋ ಆಗಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಕೈಯಲ್ಲೇ ಎಳೆ. 1200 ಡಿಪಿಐಗೆ ಸ್ಕ್ಯಾನ್ ಮಾಡಿ, ತೆಳು ಬೂದು ಬಣ್ಣ ಮಾಡಿ ಕೆಳಗಿನ ಲೇಯರಿನಲ್ಲಿ ಬೀಗ ಹಾಕಿ ಇಡು, ಮೇಲೆ ಪೆನ್ ಟೂಲಿನಲ್ಲಿ ಬರೆ. ನೋಡ್ ಕಡಿಮೆ ಇರಬೇಕು. ದುಂಡು ಅಕ್ಷರಕ್ಕೆ ಮೇಲೆ, ಕೆಳಗೆ, ಎಡ, ಬಲ, ತಿರುವಿನ ತುದಿಯಲ್ಲಿ ಮಾತ್ರ ನೋಡ್ ಹಾಕಿದರೆ ಗೆರೆ ನಯವಾಗಿ ಓಡುತ್ತೆ. ತಲೆಕಟ್ಟನ್ನು ಒಂದೇ ಸಲ ಚೆನ್ನಾಗಿ ಬರೆದು ಮಿಕ್ಕ ಅಕ್ಷರಕ್ಕೆ ನಕಲು ಮಾಡಿಕೋ. ಕಂಪ್ಯೂಟರಿನಲ್ಲಿ ಕೈ ಓಡದಿದ್ದರೆ ಹಳೇ ಪದ್ಧತಿ ಇನ್ನೂ ಕೆಟ್ಟಿಲ್ಲ. ಜೆರಾಕ್ಸ್‌ನಲ್ಲಿ ನಾಲ್ಕರಷ್ಟು ದೊಡ್ಡದು ಮಾಡಿ, ಕಪ್ಪು ಇಂಕಿನಲ್ಲಿ ಅಂಚು ತುಂಬಿ, ಬಿಳಿ ಪೋಸ್ಟರ್ ಬಣ್ಣದಲ್ಲಿ ಹೆಚ್ಚಾದದ್ದನ್ನು ಮುಚ್ಚಿ, ಮತ್ತೆ ಚಿಕ್ಕದು ಮಾಡು. ಕೈಯ ನಡುಕವೂ ನಾಲ್ಕರಲ್ಲಿ ಒಂದಾಗುತ್ತೆ.

ಅರಿಶಿನದ ಕಾರ್ಡಿನ ಗುಟ್ಟು ಹೇಳದೆ ಹೋದರೆ ಈ ಕಾಗದ ದಂಡ. ಹಳೇ ಪತ್ರಿಕೆಯ ಚಿತ್ತಾರದ ಅಂಚೋ, ಗಣಪತಿಯೋ ಬೇಕು, ಅದರ ಮೇಲೇ ಅರಿಶಿನ-ಕುಂಕುಮ ಕೂತಿದೆ. ರಬ್ಬರ್ ಹಾಕಿ ಉಜ್ಜಬೇಡ, ಕಾಗದ ಏಳುತ್ತೆ. ಬಣ್ಣದಲ್ಲೇ ಸ್ಕ್ಯಾನ್ ಮಾಡು, ಫೋಟೊಶಾಪ್‌ನಲ್ಲಿ ಚಾನೆಲ್ಸ್ ತೆರೆ. ಕೆಂಪು ಚಾನೆಲ್ಲಿನಲ್ಲಿ ಅರಿಶಿನವೂ ಕುಂಕುಮವೂ ಹೆಚ್ಚುಕಡಿಮೆ ಬಿಳಿಯಾಗಿ ಮಾಯವಾಗುತ್ತವೆ, ಕಪ್ಪು ಮುದ್ರಣ ಕಪ್ಪಾಗೇ ಉಳಿಯುತ್ತೆ. ನೀಲಿ ಚಾನೆಲ್ ನೋಡಿದರೆ ಇದಕ್ಕೆ ತದ್ವಿರುದ್ಧ, ಅರಿಶಿನ ಕರ್ರಗೆ ಕಾಣುತ್ತೆ. ಕೆಂಪು ಚಾನೆಲ್ಲನ್ನು ಮಾತ್ರ ಬೇರೆ ಫೈಲಾಗಿ ಎತ್ತಿಕೊಂಡು ಲೆವೆಲ್ಸ್, ಆಮೇಲೆ ಥ್ರೆಶ್‌ಹೋಲ್ಡ್. ಕಾರ್ಡಿನ ಅಕ್ಷರವೇ ಕೆಂಪಾಗಿದ್ದರೆ ಅದೂ ಮಾಯವಾಗಿಬಿಡುತ್ತೆ, ಆಗ ಹಸಿರು ಚಾನೆಲ್ ಹಿಡಿ. ಅದರಲ್ಲಿ ಕೆಂಪಕ್ಷರ ಕಪ್ಪಾಗಿ ನಿಂತು ಅರಿಶಿನ ತೆಳುವಾಗುತ್ತೆ, ಕುಂಕುಮ ಮಾತ್ರ ಉಳಿದುಕೊಳ್ಳುತ್ತೆ, ಅದನ್ನು ಕೈಯಲ್ಲಿ ಅಳಿಸಬೇಕು.

ರಾಜ್ಯೋತ್ಸವ ಬಂದರೆ ನಮ್ಮ ಕಡೆಯ ಸಾಹಿತಿಗಳ ಚಿತ್ರ ಬೇಕು ಅಂತ ಶಾಲೆಯ ಮೇಷ್ಟರು ಬರ್ತಾರೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ., ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ನಾಗಮಂಗಲ ತಾಲ್ಲೂಕು ಬೆಳ್ಳೂರಿನ ಬಿ.ಎಂ.ಶ್ರೀ, ಎಲ್ಲ ನಮ್ಮ ಸುತ್ತಲಿನ ಊರುಗಳ ಮನೆತನದವರು. ಅಂತರ್ಜಾಲದಲ್ಲಿ ಸಿಗುವ ಅವರ ಚಿತ್ರ ಹೆಚ್ಚಾಗಿ ಒಂದೇ, ಎಲ್ಲರೂ ಎತ್ತಿ ಎತ್ತಿ ಸವೆದದ್ದು. ಗ್ರಂಥಾಲಯದಲ್ಲಿ ಹಳೇ ಪುಸ್ತಕದಲ್ಲಿ ಅಚ್ಚಾದ ಭಾವಚಿತ್ರ ಹುಡುಕು, ಬಳಸುವ ಮುಂಚೆ ಪ್ರಕಾಶಕರನ್ನು ಕೇಳು. ಅಚ್ಚಾದ ಚಿತ್ರ ಅಂದರೆ ಸಣ್ಣ ಚುಕ್ಕೆಗಳ ರಾಶಿ, ಹಾಗೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಚುಕ್ಕೆ ಮೇಲೆ ಚುಕ್ಕೆ ಬಿದ್ದು ಅಲೆಅಲೆಯಾಗಿ ಚೌಕುಳಿ ಬರುತ್ತೆ. ಸ್ಕ್ಯಾನರಿನಲ್ಲಿ ಡಿಸ್ಕ್ರೀನ್ ಒತ್ತು, ಅದಿಲ್ಲದಿದ್ದರೆ 600ಕ್ಕೆ ಸ್ಕ್ಯಾನ್ ಮಾಡಿ, ಚುಕ್ಕೆ ಕರಗುವಷ್ಟು ಮಾತ್ರ ಬ್ಲರ್ ಕೊಟ್ಟು, 300ಕ್ಕೆ ಇಳಿಸಿ, ಕೊನೆಯಲ್ಲಿ ತುಸು ಶಾರ್ಪ್ ಮಾಡು.

ನಾಟಕದ ಕರಪತ್ರಕ್ಕೆ ತಾಳ್ಮೆ ಬೇಕು. ಕುರುಕ್ಷೇತ್ರ ಕಟ್ಟಿದರು ಅಂದರೆ ಇಪ್ಪತ್ತಕ್ಕೂ ಹೆಚ್ಚು ಫೋಟೊ ಬರುತ್ತೆ, ಒಬ್ಬರದು ಸ್ಟುಡಿಯೊದ್ದು, ಒಬ್ಬರದು ಟ್ರ್ಯಾಕ್ಟರ್ ಮೇಲೆ ಕೂತ ಸೆಲ್ಫಿ. ಎಲ್ಲವನ್ನೂ ಒಂದೇ ಬಣ್ಣದ ಛಾಯೆಗೆ ತಂದು, ಕಣ್ಣುಗಳು ಒಂದೇ ಗೆರೆಯಲ್ಲಿ ಬರುವ ಹಾಗೆ, ಮುಖದ ಎತ್ತರ ಒಂದೇ ಇರುವ ಹಾಗೆ ಕತ್ತರಿಸು. ಅರ್ಧ ಕೆಟ್ಟತನ ಅಲ್ಲೇ ಮರೆಯಾಗುತ್ತೆ. ಪಾತ್ರಕ್ಕೆ ದುಡ್ಡು ಕಟ್ಟಿದ ದುರ್ಯೋಧನ ತನ್ನ ಫೋಟೊ ದೊಡ್ಡದಾಗಿರಲಿ ಅಂತಾನೆ. ಅದು ಹಾರ್ಮೋನಿಯಂ ಮೇಷ್ಟರಿಗೂ ಅವನಿಗೂ ಬಿಟ್ಟದ್ದು, ನೀನು ಮಧ್ಯೆ ಹೋಗಬೇಡ.

ಗ್ರಾಮದೇವತೆಯ ಹಬ್ಬದ ಪತ್ರಿಕೆಗೆ ಗರ್ಭಗುಡಿಯ ದೀಪದ ಬೆಳಕಿನಲ್ಲಿ ತೆಗೆದ ಅಲುಗಿದ ಫೋಟೊ ಕೊಡ್ತಾರೆ. ಅದು ಸರಿಯಿಲ್ಲ ಅಂತ ನೆಟ್‌ನಲ್ಲಿ ಸಿಕ್ಕಿದ ಇನ್ನೊಂದೂರಿನ ಅಮ್ಮನನ್ನು ಹಾಕಬೇಡ. ತಮ್ಮ ದೇವರ ಮುಖವಾಡ ಊರಿನವರಿಗೆ ಮೂಗುತಿ ಸಮೇತ ಗೊತ್ತು. ಮಂಗಳವಾರವೋ ಶುಕ್ರವಾರವೋ ಪೂಜಾರಪ್ಪನವರನ್ನು ಕೇಳಿ, ಅವರು ಒಪ್ಪಿದರೆ ಬಾಗಿಲಾಚೆ ನಿಂತು ನೀನೇ ಒಂದು ತೆಗೆದುಕೊಂಡು ಬಾ. ಹಾಗೇ, ವಿಸಿಟಿಂಗ್ ಕಾರ್ಡಿನಲ್ಲಿ ನಾಲ್ಕು ಸಿಂಹದ ಲಾಂಛನ ಹಾಕು ಅನ್ನುವ ಮುಖಂಡರು ಬರ್ತಾರೆ. ರಾಷ್ಟ್ರಲಾಂಛನದ ದುರ್ಬಳಕೆ ತಡೆಯುವುದಕ್ಕೆ 2005ರ ಕಾಯ್ದೆ ಇದೆ. ಅಧಿಕಾರ ಇಲ್ಲದವರಿಗೆ ಹಾಕಿಕೊಡಬೇಡ, ಎಷ್ಟೇ ದೊಡ್ಡ ಗಿರಾಕಿ ಇರಲಿ.

ಪ್ಲೇಟಿಗೆ ಕಳಿಸುವಾಗ ಎರಡು ಫೈಲ್ ಮಾಡು, ಒಂದು ಕರ್ವ್ ಮಾಡಿದ್ದು ಪ್ರೆಸ್ಸಿಗೆ, ಒಂದು ಅಕ್ಷರ ತಿದ್ದುವಂಥದ್ದು ನಿನಗೆ. ಕಪ್ಪು ಮ್ಯಾಟರ್ ಬರೀ ಕಪ್ಪು ಇಂಕಿನಲ್ಲೇ ಇರಲಿ. ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪಾದರೆ ಪ್ಲೇಟು ಕೂದಲೆಳೆ ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣ ಇಣುಕುತ್ತೆ. ಸ್ಕ್ರೀನ್ ಪ್ರಿಂಟಿಂಗ್ ಆದರೆ ತೀರಾ ತೆಳು ಗೆರೆಯ ಅಕ್ಷರ ಆರಿಸಬೇಡ, ಬಟ್ಟೆಯ ಕಣ್ಣು ಅದನ್ನು ತಿಂದುಹಾಕುತ್ತೆ.

ಮತ್ತೆ, ಪ್ರೂಫನ್ನು ಮೊಬೈಲಿನಲ್ಲಿ ತೋರಿಸಿ "ಓಕೆ" ಅನ್ನಿಸಿಕೊಳ್ಳಬೇಡ. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು, ಹೆಸರುಗಳನ್ನೂ ಮುಹೂರ್ತದ ಗಂಟೆಯನ್ನೂ ಗಟ್ಟಿಯಾಗಿ ಓದಿಸು. ಓದಿದವರ ಸಹಿ, ತಾರೀಕು ಅದೇ ಹಾಳೆಯ ಮೇಲೆ ಬೀಳದೆ ಪ್ಲೇಟ್ ಮಾಡಿಸಬೇಡ.